ಗಡಿ ಜಗಳ ಆದ್ರೆ ಸಣ್ಣ ದೇಶದ ಸಹಾಯಕ್ಕೆ ದೊಡ್ಡವ್ರು ಬರ್ತಾರಾ? ನೀವೇ ಲೆಕ್ಕ ಹಾಕೋದು ಹೇಗೆ

ಎಲ್ಲಾದ್ರೂ ಎರಡು ದೇಶ ಗಡೀಲಿ ಗುಂಡು ಹಾರಿಸ್ಕೊಂಡ್ರೆ ಸಾಕು, ನಮ್ ಶಿವಮೊಗ್ಗದ ಹೋಟ್ಲು, ಲೈಬ್ರರಿ ಹೊರಗಿನ ಕಟ್ಟೆ, ತೀರ್ಥಹಳ್ಳಿ ಕಡೆ ವಾಟ್ಸಾಪ್ ಗ್ರೂಪು ಎಲ್ಲಾ ಕಡೆ ಅದೇ ವಾದ. ಒಬ್ರು ‘ನ್ಯಾಟೋ ಬಂದೇ ಬರುತ್ತೆ, ಮೂರನೇ ಮಹಾಯುದ್ಧ ಗ್ಯಾರಂಟಿ’ ಅಂತಾರೆ, ಇನ್ನೊಬ್ರು ‘ಎಂತ ಬರೂದು ಮಾರಾಯ್ರೆ, ಎಲ್ಲಾ ಪೇಪರ್ ಮೇಲಿನ ಮಾತು’ ಅಂತಾರೆ. ಇಬ್ರೂ ಅರ್ಧರ್ಧ ಸರಿ, ಅದಕ್ಕೇ ಆ ವಾದ ಮುಗಿಯಲ್ಲ. ಯುಪಿಎಸ್‌ಸಿ, ಕೆಎಎಸ್‌ಗೆ ಓದ್ತಿರೋ ಹುಡುಗ್ರಿಗೆ, ಮತ್ತೆ ರಾತ್ರಿ ಟಿವಿ ಚರ್ಚೆ ನೋಡಿ ನಿದ್ದೆ ಕೆಡಿಸ್ಕೊಳ್ಳೋರಿಗೆ, ಒಂದು ಸುದ್ದಿ ಬಂದಾಗ ಅರ್ಧ ಗಂಟೇಲಿ ಅಂದಾಜು ಮಾಡೋದು ಹೇಗೆ ಅಂತ ಬರೀತಿದೀನಿ. ಬೇಕಾಗಿರೋದು ಒಪ್ಪಂದದ ಪಠ್ಯ (ನೆಟ್ಟಲ್ಲಿ ಫ್ರೀಯಾಗಿ ಸಿಗುತ್ತೆ), ಒಂದು ಮ್ಯಾಪು, ಸ್ವಲ್ಪ ಇತಿಹಾಸ, ಅಷ್ಟೆ.

ಮೊದ್ಲು ಆ ವಿಧಿ ಪೂರ್ತಿ ಓದಿ

ನ್ಯಾಟೋ ಅಂದ್ರೆ ಅಮೆರಿಕ, ಕೆನಡಾ, ಯುರೋಪಿನ ದೇಶಗಳು ಸೇರಿ 1949ರಲ್ಲಿ ಕಟ್ಕೊಂಡ ಸೈನಿಕ ಕೂಟ. ಎಲ್ರೂ ಅದರ ಒಪ್ಪಂದದ 5ನೇ ವಿಧಿ ಅಂದ್ರೆ ‘ಒಬ್ಬರ ಮೇಲೆ ದಾಳಿ ಎಲ್ಲರ ಮೇಲೆ ದಾಳಿ’ ಅಂತ ಅಲ್ಲಿಗೆ ನಿಲ್ಲಿಸ್ತಾರೆ. ಮುಂದಿನ ಭಾಗ ಓದಿ ನೋಡಿ, ಪ್ರತಿ ದೇಶ ತನಗೆ ಅಗತ್ಯ ಅನ್ಸಿದ ಕ್ರಮ ತಗೊಳ್ಳುತ್ತೆ, ಅದ್ರಲ್ಲಿ ಸೈನ್ಯ ಬಳಸೋದೂ ಸೇರಿರಬಹುದು, ಅಂತ ಇದೆ. ಅಂದ್ರೆ ಟ್ಯಾಂಕೇ ಕಳಿಸ್ಬೇಕು ಅಂತ ಯಾರಿಗೂ ಕಡ್ಡಾಯ ಇಲ್ಲ, ಆಸ್ಪತ್ರೆ ಸಾಮಾನು ಕಳಿಸಿದ್ರೂ ಕಾನೂನು ಪ್ರಕಾರ ಮಾತು ಉಳಿಸ್ಕೊಂಡ ಹಾಗೇ. 1949ರಿಂದ ಇಲ್ಲಿವರೆಗೆ ಈ ವಿಧಿಯನ್ನ ಜಾರಿಗೆ ತಂದಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿ ಆದ್ಮೇಲೆ, ಅದೂ ಕೂಟದ ಅತಿ ದೊಡ್ಡ ಸದಸ್ಯ ಅಮೆರಿಕಕ್ಕೋಸ್ಕರ. ಸಣ್ಣ ದೇಶದ ಗಡಿ ಜಗಳಕ್ಕೆ ಇದುವರೆಗೂ ಅದನ್ನ ಎಳೆದಿಲ್ಲ.

ವಿಧಿಗೆ ಯಾರ್ಯಾರು ಏನೇನು ಷರತ್ತು ಅಂಟಿಸಿದಾರೆ ಅಂತಾನೂ ನೋಡ್ಬೇಕು. 1954ರ ಸೀಟೋ (ಅಮೆರಿಕ ಮುಂದೆ ನಿಂತು ಕಟ್ಟಿದ ಆಗ್ನೇಯ ಏಷ್ಯಾದ ರಕ್ಷಣಾ ಕೂಟ) ಒಪ್ಪಂದಕ್ಕೆ ಪಾಕಿಸ್ತಾನ ಸೈನ್ ಹಾಕ್ತು, ಆದ್ರೆ ಅಮೆರಿಕ ತನ್ನ ಕಡೆಯಿಂದ ‘ಕಮ್ಯುನಿಸ್ಟ್ ದಾಳಿ ಆದ್ರೆ ಮಾತ್ರ ನಮಗೆ ಅನ್ವಯ’ ಅಂತ ಒಂದು ಟಿಪ್ಪಣಿ ಸೇರಿಸಿಟ್ಟಿತ್ತು. 1965ರಲ್ಲಿ ಭಾರತದ ಜೊತೆ ಯುದ್ಧ ಆದಾಗ ಸೀಟೋ ಸೈನ್ಯ ಬರೋದು ಹಾಗಿರ್ಲಿ, ಅಮೆರಿಕ ಎರಡೂ ದೇಶಕ್ಕೆ ಶಸ್ತ್ರ ಕೊಡೋದನ್ನೇ ನಿಲ್ಲಿಸ್ತು. ಪಾಕಿಸ್ತಾನ ಸಣ್ಣ ದೇಶ ಏನಲ್ಲ, ಆದ್ರೂ ಟಿಪ್ಪಣಿ ಓದದೇ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಗೊತ್ತಿಲ್ಲ.

ಮ್ಯಾಪ್ ತೆಗೀರಿ, ಆ ಜಾಗ ಒಪ್ಪಂದದ ಒಳಗಿದ್ಯಾ ನೋಡಿ

ಇದು ಹೆಚ್ಚಿನ ಜನ ಬಿಟ್ಬಿಡೋ ಹಂತ, ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ನಮ್ಗೆ ಹತ್ತಿರದ ಉದಾಹರಣೆ ಬೇಕಾ, ಗೋವಾ ನೋಡಿ. ಪೋರ್ಚುಗಲ್ ನ್ಯಾಟೋದ ಸ್ಥಾಪಕ ಸದಸ್ಯ. 1961ರ ನವೆಂಬರ್‌ನಲ್ಲಿ ಕಾರವಾರದ ಎದುರಿಗಿರೋ ಅಂಜದೀವ್ ದ್ವೀಪದಿಂದ ಪೋರ್ಚುಗೀಸರು ನಮ್ಮ ಪ್ರಯಾಣಿಕರ ಹಡಗು ‘ಸಾಬರಮತಿ’ ಮೇಲೆ ಗುಂಡು ಹಾರಿಸಿದ್ರು, ಡಿಸೆಂಬರ್‌ನಲ್ಲಿ ಭಾರತದ ಸೈನ್ಯ ನುಗ್ಗಿ ಎರಡು ದಿನದೊಳಗೆ ಗೋವಾ ಬಿಡಿಸ್ಕೊಂಡ್ತು, ಅಂಜದೀವ್‌ಗೆ ನಮ್ಮ ನೌಕಾಪಡೆ ಹುಡುಗ್ರು ಇಳಿದ್ರು. ನ್ಯಾಟೋ ಏನ್ ಮಾಡ್ತು? ಏನೂ ಮಾಡ್ಲಿಲ್ಲ. ಯಾಕಂದ್ರೆ ಅದೇ ಒಪ್ಪಂದದ 6ನೇ ವಿಧಿ ಎಲ್ಲೆಲ್ಲಿಗೆ ರಕ್ಷಣೆ ಅಂತ ಗೆರೆ ಹಾಕಿದೆ: ಯುರೋಪು, ಉತ್ತರ ಅಮೆರಿಕ, ಟರ್ಕಿ, ಮತ್ತೆ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರೋ ಅಟ್ಲಾಂಟಿಕ್ ಭಾಗದ ದ್ವೀಪಗಳು. ಗೋವಾ ಅದ್ರಲ್ಲಿ ಎಲ್ಲಿ ಬರುತ್ತೆ? 1982ರಲ್ಲಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬ್ರಿಟನ್ ಕೈಲಿರೋ ಫಾಕ್‌ಲ್ಯಾಂಡ್ ದ್ವೀಪಕ್ಕೆ ಅರ್ಜೆಂಟೀನಾ ನುಗ್ಗಿದಾಗ ಬ್ರಿಟನ್‌ಗೂ ಇದೇ ಗತಿ, ಅಷ್ಟೇ ಯಾಕೆ, ಅಮೆರಿಕದ್ದೇ ಆದ ಹವಾಯಿ ಕೂಡ ಈ ಗೆರೆ ಹೊರಗೇ ಇದೆ.

ಪೋರ್ಚುಗಲ್ಲು ಬ್ರಿಟನ್ ಹತ್ರಾನೂ ಹೋಯ್ತು, ಅವ್ರಿಬ್ರ ಮೈತ್ರಿ 1373ರದ್ದು, ಹೆಚ್ಚುಕಮ್ಮಿ 600 ವರ್ಷದ ಸಂಬಂಧ. ಬ್ರಿಟನ್ ‘ಕಾಮನ್‌ವೆಲ್ತ್‌ನ ಇನ್ನೊಂದು ದೇಶದ ಮೇಲೆ ನಾವು ಯುದ್ಧ ಮಾಡಲ್ಲ’ ಅಂತ ಕೈ ತೊಳ್ಕೊಂಡ್ತು. ವಿಶ್ವಸಂಸ್ಥೆ ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್ನು, ಫ್ರಾನ್ಸು ಸೇರಿ ಭಾರತದ ವಿರುದ್ಧ ನಿರ್ಣಯ ತಂದಿದ್ದು ನಿಜ, ಅದನ್ನ ಸೋವಿಯತ್ ಒಕ್ಕೂಟ ವೀಟೋ ಹಾಕಿ ಬೀಳಿಸ್ತು. ನೆಂಟರು ಮಾತಾಡಿದ್ರು, ಸೈನ್ಯ ಮಾತ್ರ ಬರ್ಲಿಲ್ಲ.

ಜಾಗ ಯಾರದು ಅನ್ನೋದೇ ತಕರಾರಲ್ಲಿದ್ರೆ ಇನ್ನೂ ಕಷ್ಟ. ಅರ್ಮೇನಿಯಾ ಕತೆ ಸ್ವಲ್ಪ ನಿಧಾನಕ್ಕೆ ಓದಿ, ಈ ಇಡೀ ವಿಷಯ ಅದ್ರಲ್ಲೇ ಇದೆ. ರಷ್ಯಾ ನೇತೃತ್ವದ ಸಿಎಸ್‌ಟಿಒ ಅಂತ ಒಂದು ಸೈನಿಕ ಕೂಟ, ಅರ್ಮೇನಿಯಾನೂ ಅದರ ಸದಸ್ಯ, ಅದರ 4ನೇ ವಿಧಿ ನ್ಯಾಟೋ 5ನೇ ವಿಧಿ ತರಾನೇ ಇದೆ. 2020ರಲ್ಲಿ ಅರ್ಮೇನಿಯನ್ನರ ಹಿಡಿತದಲ್ಲಿದ್ದ ನಾಗೋರ್ನೊ ಕರಬಾಖ್ ಅನ್ನೋ ಪ್ರದೇಶಕ್ಕೋಸ್ಕರ ಅಜರ್‌ಬೈಜಾನ್ ಜೊತೆ 44 ದಿನ ಯುದ್ಧ ಆಯ್ತು, ಆಗ ಪುಟಿನ್ ‘ಯುದ್ಧ ಅರ್ಮೇನಿಯಾ ನೆಲದಲ್ಲಿ ನಡೀತಿಲ್ಲ’ ಅಂದ್ರು. ಕಾನೂನಿನ ದೃಷ್ಟೀಲಿ ಅದು ಸರಿನೇ, ಕರಬಾಖ್ ಅಂತಾರಾಷ್ಟ್ರೀಯವಾಗಿ ಅಜರ್‌ಬೈಜಾನ್ ಭಾಗ ಅಂತಾನೇ ಲೆಕ್ಕ. ಸರಿ, ಹಾಗಾದ್ರೆ 2021ರ ಮೇನಲ್ಲಿ ಅಜರ್‌ಬೈಜಾನ್ ಸೈನಿಕರು ಅರ್ಮೇನಿಯಾದ ಗಡಿ ಒಳಗೇ ಬಂದ್ರಲ್ಲ, ಆಗ? ಆಗ ಕೂಟದವ್ರು ಇದು ಬರೀ ಗಡಿ ಘಟನೆ ಅಂದ್ರು, ಸೋವಿಯತ್ ಹೋಳಾದ್ಮೇಲೆ ಆ ಗಡೀಲಿ ಸರಿಯಾಗಿ ಗೆರೆ ಎಳೆದು ಕಲ್ಲು ನೆಟ್ಟೇ ಇರ್ಲಿಲ್ಲ, ಅದೂ ನೆವ ಆಯ್ತು. 2022ರ ಸೆಪ್ಟೆಂಬರ್ 13ರ ರಾತ್ರಿ ಜೆರ್ಮುಕ್ ಅನ್ನೋ ಊರಿನ ಸುತ್ತ ಶೆಲ್ ಬಿದ್ವು, ಅದು ಬಿಸಿನೀರಿನ ಬುಗ್ಗೆಗೆ ಹೆಸರಾದ ಪ್ರವಾಸಿ ಊರು, ಯಾರ ತಕರಾರೂ ಇಲ್ಲದ ಅರ್ಮೇನಿಯಾ ನೆಲ. ಅರ್ಮೇನಿಯಾ 4ನೇ ವಿಧಿ ಹಿಡ್ಕೊಂಡು ಬಾಗಿಲು ತಟ್ಟಿದ್ರೆ ಕೂಟ ಕಳಿಸಿದ್ದು ಪರಿಸ್ಥಿತಿ ನೋಡ್ಕೊಂಡು ವರದಿ ಕೊಡೋ ತಂಡ! ಅದೇ ವರ್ಷ ಜನವರಿಯಲ್ಲಿ ಕಜಾಕಿಸ್ತಾನದಲ್ಲಿ ಗಲಾಟೆ ಆಗಿ ಅಲ್ಲಿನ ಅಧ್ಯಕ್ಷರು ಕೇಳಿದ ಮಾರನೇ ದಿನವೇ ಇದೇ ಕೂಟದ ಪಡೆ ವಿಮಾನ ಹತ್ತಿತ್ತು, ನೆನಪಿರ್ಲಿ.

ಯಾಕೆ ಈ ವ್ಯತ್ಯಾಸ? ದಾಳಿ ಮಾಡಿದವನ ಫ್ರೆಂಡ್ಸ್ ಲಿಸ್ಟ್ ನೋಡಿ. ಯುಕ್ರೇನ್ ಮೇಲೆ ದಾಳಿಗೆ ಎರಡು ದಿನ ಮುಂಚೆ, 2022ರ ಫೆಬ್ರವರಿ 22ಕ್ಕೆ, ರಷ್ಯಾ ಅಜರ್‌ಬೈಜಾನ್ ಜೊತೆಗೂ ಒಂದು ಮೈತ್ರಿ ಘೋಷಣೆಗೆ ಸೈನ್ ಹಾಕಿತ್ತು. ಕೂಟದ ಬೇರೆ ಸದಸ್ಯರಾದ ಬೆಲಾರಸ್, ಕಜಾಕಿಸ್ತಾನ ಕೂಡ ಅಜರ್‌ಬೈಜಾನ್ ಜೊತೆ ಚೆನ್ನಾಗಿದ್ವು. ರಷ್ಯಾ ಸೈನ್ಯ ಬೇರೆ ಯುಕ್ರೇನಲ್ಲಿ ಸಿಕ್ಕಾಕೊಂಡಿತ್ತು. ಕಜಾಕಿಸ್ತಾನದಲ್ಲಿ ಎದುರಿಗಿದ್ದಿದ್ದು ಬೀದಿ ಜನ, ಇನ್ನೊಂದು ದೇಶದ ಸೈನ್ಯ ಅಲ್ಲ. ಕೊನೆಗೆ 2024ರ ಫೆಬ್ರವರಿಯಲ್ಲಿ ಅರ್ಮೇನಿಯಾ ಪ್ರಧಾನಿ ಪಶಿನ್ಯಾನ್ ನಮ್ಮ ಸದಸ್ಯತ್ವ ಫ್ರೀಜ್ ಮಾಡಿದೀವಿ ಅಂದ್ರು.

ಜಗಳ ಆಡೋ ಇಬ್ರೂ ಒಂದೇ ಕೂಟದಲ್ಲಿದ್ರೆ ತಲೆ ಕೆಡಿಸ್ಕೊಳ್ಳೋದೇ ಬೇಡ, ಯಾರೂ ಬರಲ್ಲ. 1974ರಲ್ಲಿ ಸೈಪ್ರಸ್ ವಿಷಯಕ್ಕೆ ಗ್ರೀಸ್, ಟರ್ಕಿ, ಎರಡೂ ನ್ಯಾಟೋ. 2022ರಲ್ಲಿ ಕಿರ್ಗಿಸ್ತಾನ, ತಜಿಕಿಸ್ತಾನ, ಎರಡೂ ಸಿಎಸ್‌ಟಿಒ.

ಆ ನೆಲದಲ್ಲಿ ದೊಡ್ಡವನದ್ದು ಏನಿದೆ?

ಇದನ್ನ ನಮ್ಮೂರಿನ ಭಾಷೇಲಿ ಹೇಳ್ಬೇಕು ಅಂದ್ರೆ, ಬೇಲಿ ಜಗಳ ಆದಾಗ ‘ಯಾವಾಗ ಬೇಕಾದ್ರೂ ಕರೀರಿ, ನಾನಿದೀನಿ’ ಅಂದ ಪೇಟೆ ನೆಂಟ ಬರಲ್ಲ, ಯಾರ ತೋಟದ ನೀರಿನ ಪೈಪು ನಿಮ್ಮ ಜಾಗದ ಮೇಲೆ ಹಾದು ಹೋಗುತ್ತೋ ಅವ್ನು ಕರೀದೇನೇ ಟಾರ್ಚ್ ಹಿಡ್ಕೊಂಡು ಓಡಿ ಬರ್ತಾನೆ.

ಭೂತಾನ್ ತಗೊಳ್ಳಿ. ಮಲೆನಾಡಲ್ಲಿ ಭೂತಾನ್ ಅಂದ್ರೆ ಮೊದ್ಲು ನೆನಪಾಗೋದು ಅಡಿಕೆ, 2022ರಲ್ಲಿ ಕೇಂದ್ರ ಸರ್ಕಾರ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸ್ಕೋಬಹುದು ಅಂದಾಗ ಸಾಗರ, ತೀರ್ಥಹಳ್ಳಿ ಬೆಳೆಗಾರರೆಲ್ಲ ಸಿಟ್ಟಾಗಿದ್ರು, ಸಿಟ್ಟು ನ್ಯಾಯವಾದದ್ದೇ, ಆದ್ರೆ ದಿಲ್ಲಿಯವ್ರು ಆ ಪುಟ್ಟ ದೇಶಕ್ಕೆ ಯಾಕಷ್ಟು ಮಣೆ ಹಾಕ್ತಾರೆ ಅಂತ ಕೇಳ್ಕೊಂಡ್ರೆ ಉತ್ತರ ಡೋಕ್ಲಾಮಲ್ಲಿ ಸಿಗುತ್ತೆ. 2017ರ ಜೂನ್‌ನಲ್ಲಿ ಚೀನಾ ಅಲ್ಲಿ ರಸ್ತೆ ಮಾಡೋಕೆ ಶುರು ಮಾಡ್ತು, ಜಾಗ ಭೂತಾನ್ ಮತ್ತೆ ಚೀನಾ ನಡುವೆ ತಕರಾರಲ್ಲಿರೋದು, ಭಾರತದ್ದು ಅಲ್ವೇ ಅಲ್ಲ. ಆದ್ರೂ ನಮ್ಮ ಸೈನಿಕರು ಹೋಗಿ ಅಡ್ಡ ನಿಂತ್ರು, ಆಗಸ್ಟ್ 28ರವರೆಗೆ ಎದುರುಬದುರು. ತಮಾಷೆ ಅಂದ್ರೆ 2007ರ ಭಾರತ-ಭೂತಾನ್ ಒಪ್ಪಂದದಲ್ಲಿ ‘ನಿನ್ನ ಮೇಲೆ ದಾಳಿ ಆದ್ರೆ ನಾನು ಬರ್ತೀನಿ’ ಅನ್ನೋ ಸಾಲೇ ಇಲ್ಲ, ಒಬ್ಬರಿಗೊಬ್ರು ರಾಷ್ಟ್ರೀಯ ಹಿತಾಸಕ್ತಿ ವಿಷಯದಲ್ಲಿ ಸಹಕಾರ ಅಂತ ಮಾತ್ರ ಇದೆ. ಆದ್ರೆ ಆ ರಸ್ತೆ ದಕ್ಷಿಣಕ್ಕೆ ಮುಂದುವರೆದ್ರೆ ಸಿಲಿಗುರಿ ಕಾರಿಡಾರ್ ಮೇಲೆ ಕಣ್ಣಿಡೋ ಗುಡ್ಡದ ಸಾಲಿಗೆ ಹೋಗುತ್ತೆ. ಆ ಕಾರಿಡಾರು ಕಿರಿದಾದ ಕಡೆ 22 ಕಿಲೋಮೀಟರ್ ಆಸುಪಾಸು ಅಗಲ, ಈಶಾನ್ಯ ರಾಜ್ಯಗಳಿಗೆಲ್ಲ ನೆಲದ ದಾರಿ ಅದೊಂದೇ. ನಮ್ಮ ಪೈಪು ಅಲ್ಲಿತ್ತು, ಓಡಿ ಹೋದ್ವಿ. ಅದೇ ಭೂತಾನ್‌ನ ಉತ್ತರದ ಕಣಿವೆಗಳಲ್ಲಿ ಚೀನಾ ಹಳ್ಳಿಗಳನ್ನೇ ಕಟ್ಟಿದ್ದು ಸ್ಯಾಟಲೈಟ್ ಫೋಟೋದಲ್ಲಿ ಕಾಣ್ಸುತ್ತೆ, ಅಲ್ಲಿ ಯಾರೂ ಅಡ್ಡ ನಿಂತಿಲ್ಲ. ಒಂದೇ ದೇಶ, ಒಂದೇ ಒಪ್ಪಂದ, ಜಾಗ ಬೇರೆ ಆದ್ರೆ ಉತ್ತರ ಬೇರೆ. ಹಾಗಾಗಿ ‘ಇಂಡಿಯಾ ಭೂತಾನ್‌ನ ಕಾಪಾಡುತ್ತಾ’ ಅನ್ನೋ ಪ್ರಶ್ನೆ ಕೇಳ್ಬೇಡಿ, ಯಾವ ಗುಡ್ಡ ಅಂತ ಕೇಳಿ.

1990ರಲ್ಲಿ ಇರಾಕ್ ನುಂಗಿದ, ಮೈತ್ರಿನೇ ಇಲ್ಲದ ಕುವೈತ್‌ನ ಬಿಡಿಸೋಕೆ 1991ರಲ್ಲಿ ಅಷ್ಟೊಂದು ದೇಶದ ಸೈನ್ಯ ಯಾಕೆ ಬಂತು ಅನ್ನೋದಕ್ಕೂ ಉತ್ತರ ಇದೇ, ಅಲ್ಲಿ ಎಣ್ಣೆ, ಪಕ್ಕದಲ್ಲೇ ಸೌದಿ.

ಅವರ ಹುಡುಗ್ರು ಅಲ್ಲಿ ನಿಂತಿದಾರಾ?

ಪೇಪರ್‌ಗಿಂತ ಬೂಟು ನಂಬಿ. 2004ರಲ್ಲಿ ನ್ಯಾಟೋ ಸೇರಿದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ಪುಟ್ಟ ದೇಶ, ರಷ್ಯಾ ಪಕ್ಕದಲ್ಲೇ ಕೂತಿವೆ. ಪೋಲೆಂಡಿಂದ ಅಲ್ಲಿಗೆ ನೆಲದ ಮೇಲೆ ಹೋಗೋ ದಾರಿ ಸುವಾಲ್ಕಿ ಗ್ಯಾಪ್ ಅಂತ, ಆ ಕಡೆ ರಷ್ಯಾದ್ದೇ ಬೇರೆಯಾಗಿ ಉಳಿದ ತುಂಡು ಕಲಿನಿನ್‌ಗ್ರಾಡ್, ಈ ಕಡೆ ರಷ್ಯಾ ಫ್ರೆಂಡ್ ಬೆಲಾರಸ್, ಮಧ್ಯೆ ಸುಮಾರು 65 ಕಿಲೋಮೀಟರ್, ನಮ್ ಶಿವಮೊಗ್ಗ-ತೀರ್ಥಹಳ್ಳಿ ದೂರ ಅಂತಿಟ್ಕೊಳ್ಳಿ. 2017ರಿಂದ ಎಸ್ಟೋನಿಯಾದಲ್ಲಿ ಬ್ರಿಟನ್, ಲಾಟ್ವಿಯಾದಲ್ಲಿ ಕೆನಡಾ, ಲಿಥುವೇನಿಯಾದಲ್ಲಿ ಜರ್ಮನಿ ನೇತೃತ್ವದ ಪಡೆಗಳು ಬೀಡು ಬಿಟ್ಟಿವೆ. ಆ ಸಂಖ್ಯೆ ರಷ್ಯಾನ ತಡೆಯೋಕೆ ಸಾಲಲ್ಲ, ಅದು ಅವ್ರಿಗೂ ಗೊತ್ತು. ಆದ್ರೆ ಮೊದಲ ದಿನವೇ ಬ್ರಿಟನ್ನಿನ, ಕೆನಡಾದ, ಜರ್ಮನಿಯ ಹುಡುಗ್ರು ಸತ್ರೆ ಆ ದೇಶಗಳ ಸರ್ಕಾರಕ್ಕೆ ‘ನಮಗೆ ಅಗತ್ಯ ಅನ್ಸಿದ ಕ್ರಮ’ ಅಂತ ಆಸ್ಪತ್ರೆ ಸಾಮಾನು ಕಳಿಸಿ ಸುಮ್ನಿರೋಕೆ ಆಗಲ್ಲ. ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಮಾಡಿದ್ದೂ ಇದೇ. ಹಾಗಾಗಿ ನೀವು ಸುದ್ದಿ ಓದುವಾಗ ‘ಸಂಪೂರ್ಣ ಬೆಂಬಲ’ ಅನ್ನೋ ಹೇಳಿಕೆ ಪಕ್ಕಕ್ಕಿಟ್ಟು ಪರ್ಮನೆಂಟ್ ಬ್ರಿಗೇಡ್ ಇದ್ಯಾ, ಕುಟುಂಬ ಸಮೇತ ಇದಾರಾ, ಮದ್ದುಗುಂಡು ಅಲ್ಲೇ ಸ್ಟಾಕ್ ಇದ್ಯಾ ಅಂತ ಹುಡುಕಿ.

2008ರ ಏಪ್ರಿಲ್‌ನಲ್ಲಿ ನ್ಯಾಟೋ ಜಾರ್ಜಿಯಾಗೆ ಮುಂದೊಂದು ದಿನ ನೀನೂ ಸದಸ್ಯ ಆಗ್ತೀಯ ಅಂತ ಹೇಳ್ತು, ಪಡೆ ಇಲ್ಲ, ವಿಧಿ ಇಲ್ಲ. ಆಗಸ್ಟ್‌ನಲ್ಲಿ ರಷ್ಯಾ ಜಾರ್ಜಿಯಾ ಜೊತೆ ಯುದ್ಧ ಮಾಡಿ ಐದೇ ದಿನದಲ್ಲಿ ಕೆಲಸ ಮುಗಿಸ್ತು. ಆಸೆ ತೋರ್ಸಿ ರಕ್ಷಣೆ ಕೊಡದೇ ಇರೋದು ಏನೂ ಹೇಳದೇ ಇರೋದಕ್ಕಿಂತ ಕೆಟ್ಟದ್ದು, ಇದು ನನ್ನ ಅಭಿಪ್ರಾಯ, ಒಪ್ಪದೇ ಇರೋರು ಇದಾರೆ.

ಎಷ್ಟು ಕಚ್ಚಿದ್ರು, ಎಷ್ಟು ಬೇಗ

ಈಗಿನ ಗಡಿ ಜಗಳ ಟ್ಯಾಂಕ್ ತಗೊಂಡು ನುಗ್ಗೋದು ಕಮ್ಮಿ, ಒಪ್ಪಂದ ಎಚ್ಚರ ಆಗದಷ್ಟು ಸಣ್ಣದಾಗಿ ಕಚ್ಚೋದೇ ಜಾಸ್ತಿ. ಫಿಲಿಪೀನ್ಸ್ ಮತ್ತೆ ಅಮೆರಿಕ ನಡುವೆ 1951ರಿಂದ ರಕ್ಷಣಾ ಒಪ್ಪಂದ ಇದೆ. ದಕ್ಷಿಣ ಚೀನಾ ಸಮುದ್ರದ ಸೆಕೆಂಡ್ ಥಾಮಸ್ ಶೋಲ್ ಅನ್ನೋ ಹವಳದ ದಿಬ್ಬದ ಮೇಲೆ ಫಿಲಿಪೀನ್ಸ್ 1999ರಲ್ಲಿ ‘ಸಿಯೆರಾ ಮಾಡ್ರೆ’ ಅನ್ನೋ ಎರಡನೇ ಮಹಾಯುದ್ಧದ ಕಾಲದ ಹಳೇ ಹಡಗನ್ನ ಬೇಕಂತಲೇ ಹತ್ತಿಸಿ ನಿಲ್ಲಿಸ್ತು, ಮೈಯೆಲ್ಲ ತುಕ್ಕು ಹಿಡಿದು ತೂತು ಬಿದ್ದಿದೆ, ಆದ್ರೂ ಅದ್ರಲ್ಲಿ ಒಂದಷ್ಟು ಸೈನಿಕರು ವಾಸ ಇದಾರೆ, ದಾಖಲೆಯಲ್ಲಿ ಅದು ಇನ್ನೂ ನೌಕಾಪಡೆ ಹಡಗೇ. ಮುಟ್ಟಿದ್ರೆ ಒಪ್ಪಂದ ಎಬ್ಬಿಸಬಹುದು ಅನ್ನೋ ಲೆಕ್ಕ, ಬುದ್ಧಿವಂತಿಕೆ ಮೆಚ್ಚಬೇಕು. ಚೀನಾದವ್ರು ಏನ್ ಮಾಡಿದ್ರು, 2024ರ ಜೂನ್ 17ಕ್ಕೆ ಅಲ್ಲಿಗೆ ರೇಷನ್ ತಗೊಂಡು ಹೋಗ್ತಿದ್ದ ಬೋಟಿಗೆ ಕತ್ತಿ ಕೊಡಲಿ ಹಿಡ್ಕೊಂಡು ಅಡ್ಡ ಹಾಕಿದ್ರು, ಒಬ್ಬ ಫಿಲಿಪಿನೋ ನಾವಿಕನ ಹೆಬ್ಬೆರಳು ಹೋಯ್ತು. ಒಂದೇ ಒಂದು ಗುಂಡು ಹಾರ್ಲಿಲ್ಲ. ಇದು ಸಶಸ್ತ್ರ ದಾಳಿನಾ? ಫಿಲಿಪೀನ್ಸ್ ಸರ್ಕಾರದವ್ರೇ ಒಪ್ಪಂದ ಎಳೆಯೋಕೆ ಹೋಗ್ಲಿಲ್ಲ. ಅಮೆರಿಕ ‘ನಮ್ಮ ಬದ್ಧತೆ ಉಕ್ಕಿನಷ್ಟು ಗಟ್ಟಿ’ ಅಂತ ಇನ್ನೊಂದ್ಸಲ ಹೇಳ್ತು.

ಬರೋರು ಯಾವಾಗ ಬರ್ತಾರೆ ಅನ್ನೋದನ್ನೂ ಬರ್ಕೊಳ್ಳಿ. ಪೋಲೆಂಡ್‌ಗೆ ಕೊಟ್ಟ ಮಾತಿನ ಪ್ರಕಾರ ಬ್ರಿಟನ್, ಫ್ರಾನ್ಸ್ 1939ರ ಸೆಪ್ಟೆಂಬರ್ 3ಕ್ಕೆ ಜರ್ಮನಿ ಮೇಲೆ ಯುದ್ಧ ಸಾರಿದ್ರು, ಮಾತು ತಪ್ಪಲಿಲ್ಲ, ಆದ್ರೆ ಅಕ್ಟೋಬರ್ ಮೊದಲ ವಾರಕ್ಕೆ ಪೋಲೆಂಡೇ ಮ್ಯಾಪಲ್ಲಿ ಇರ್ಲಿಲ್ಲ. ಕುವೈತ್ ಎರಡು ದಿನದಲ್ಲಿ ಬಿತ್ತು, ಬಿಡಿಸ್ಕೊಳ್ಳೋಕೆ ಹತ್ತಿರತ್ತಿರ ಏಳು ತಿಂಗಳು. ಸಣ್ಣ ದೇಶ ತಾನೇ ಎರಡು ವಾರ ತಡ್ಕೊಳ್ಳೋ ಶಕ್ತಿ ಇಟ್ಕೊಂಡಿದ್ಯಾ ಅನ್ನೋದ್ರ ಮೇಲೆ ಮೈತ್ರಿ ಕೆಲಸಕ್ಕೆ ಬರುತ್ತಾ ಅನ್ನೋದು ನಿಂತಿರುತ್ತೆ.

ಕೊಟ್ಟ ಮಾತು ತಪ್ಪಿದ್ರೆ ಖರ್ಚೇನು

ಇದಕ್ಕೆ ಯುರೋಪಿಗೆ ಹೋಗೋದೇ ಬೇಡ, ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಗಿ. ಮಳೆಗಾಲದಲ್ಲಿ ಹೋದ್ರೆ ಕೋಟೆ ಗೋಡೆ ತುಂಬ ಪಾಚಿ, ಮೆಟ್ಲಲ್ಲಿ ಜಾರುತ್ತೆ, ಉಂಬಳ ಕಾಲಿಗೆ ಹತ್ತುತ್ತೆ, ಹುಷಾರು. ಇದು ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರಾಲಿ ಕೈಗೆ ಬಂತು, ಇಲ್ಲಿನ ಖಜಾನೆಯಿಂದಲೇ ಅವನು ದೊಡ್ಡವನಾಗಿದ್ದು. ಅದೇ ಹೈದರ್ 1769ರಲ್ಲಿ ಇಂಗ್ಲಿಷ್ ಕಂಪನಿ ಜೊತೆ ಮದ್ರಾಸ್ ಒಪ್ಪಂದ ಮಾಡ್ಕೊಂಡ, ಒಬ್ಬರ ಮೇಲೆ ಯಾರಾದ್ರೂ ಬಿದ್ರೆ ಇನ್ನೊಬ್ರು ಸಹಾಯಕ್ಕೆ ಬರ್ಬೇಕು ಅಂತ. ವರ್ಷ ತುಂಬೋದ್ರೊಳಗೆ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ ಮೈಸೂರಿಗೆ ನುಗ್ಗೋಕೆ ಶುರು, 1771ರಲ್ಲಿ ಚಿನಕುರಳಿ ಹತ್ರ ಹೈದರ್ ಹೀನಾಯವಾಗಿ ಸೋತ. ಕಂಪನಿಯವ್ರು ಒಬ್ಬ ಸಿಪಾಯಿನೂ ಕಳಿಸ್ಲಿಲ್ಲ. ಆ ಕ್ಷಣಕ್ಕೆ ಅವ್ರಿಗೆ ಲಾಭ ಅನ್ಸಿರಬಹುದು. ಹೈದರ್ ಅದನ್ನ ಮರೀಲಿಲ್ಲ, 1780ರಲ್ಲಿ ಮರಾಠರು, ನಿಜಾಮನ ಜೊತೆ ಕೂಡ್ಕೊಂಡು ಕರ್ನಾಟಿಕ್ (ಮದ್ರಾಸ್ ಸುತ್ತಿನ ಸೀಮೆ) ಮೇಲೆ ಇಳಿದಾಗ ಮದ್ರಾಸ್ ಬಾಗಿಲವರೆಗೂ ಊರುಗಳು ಉರಿದ್ವು.

ಈ ಪ್ರಶ್ನೆ ಈಗಲೂ ಕೇಳ್ಬೇಕು. ಅಮೆರಿಕ ಎಸ್ಟೋನಿಯಾನ ಕೈಬಿಟ್ರೆ, ಅದೇ ಅಮೆರಿಕದ ಮಾತು ನಂಬಿರೋ ಜಪಾನ್, ದಕ್ಷಿಣ ಕೊರಿಯಾ ಮಾರನೇ ದಿನ ಏನ್ ಯೋಚ್ನೆ ಮಾಡ್ತಾವೆ? ಆ ಭಯವೇ ಸಣ್ಣ ದೇಶದ ಆಸ್ತಿ. ರಷ್ಯಾಗೆ ಅರ್ಮೇನಿಯಾನ ಕೈಬಿಟ್ರೆ ಕಳ್ಕೊಳ್ಳೋದು ಜಾಸ್ತಿ ಏನಿಲ್ಲ ಅನ್ಸಿತ್ತು, ಅಷ್ಟೆ.

ಅಂಕಿ ನೋಡಿ ಹೆದರ್ಬೇಡಿ

ಕೆಲವರು ಚರ್ಚೇಲಿ ಅಂಕಿ ಎಸೀತಾರೆ. 1816ರಿಂದ 1944ರವರೆಗಿನ ಯುದ್ಧಗಳಲ್ಲಿ ಮೈತ್ರಿ ಮಾತು ಸುಮಾರು 75% ಕೇಸಲ್ಲಿ ಉಳೀತು ಅಂತ ಒಂದು ಹೆಸರುವಾಸಿ ಅಧ್ಯಯನ, 1945ರ ನಂತರ ಅದು 22%ಗೆ ಇಳೀತು ಅಂತ ಇನ್ನೊಂದು. ಎರಡನೇದನ್ನ ಕೇಳಿದ ತಕ್ಷಣ ‘ನೋಡಿದ್ರಾ, ಎಲ್ಲಾ ಬೋಗಸ್’ ಅಂತಾರೆ. ಸ್ವಲ್ಪ ತಡೀರಿ. ಲೆಕ್ಕಕ್ಕೆ ಬರೋದು ಯುದ್ಧ ನಡೆದ ಕೇಸುಗಳು ಮಾತ್ರ. ಯಾವ ಮೈತ್ರಿ ಗಟ್ಟಿ ಅಂತ ಎದುರಾಳಿಗೆ ಗೊತ್ತೋ ಅದ್ರ ತಂಟೆಗೆ ಅವನು ಬರೋದೇ ಇಲ್ಲ, ಹಾಗಾಗಿ ಅದು ಲೆಕ್ಕದಲ್ಲೇ ಇರಲ್ಲ. ಟೊಳ್ಳು ಅಂತ ಗುಮಾನಿ ಇರೋ ಮೈತ್ರಿನೇ ಅವನು ಆರಿಸ್ಕೊಂಡು ಹೊಡೀತಾನೆ.

2025ರ ಸೆಪ್ಟೆಂಬರ್ 17ಕ್ಕೆ ಸೌದಿ ಮತ್ತೆ ಪಾಕಿಸ್ತಾನ ‘ಒಬ್ಬರ ಮೇಲೆ ದಾಳಿ ಇಬ್ಬರ ಮೇಲೆ ದಾಳಿ’ ಅಂತ ಸೈನ್ ಹಾಕಿದಾಗ ನಮ್ಮ ಚಾನೆಲ್‌ಗಳು ಮಾಡಿದ ಗಲಾಟೆ ನೆನಪಿದ್ಯಲ್ಲ. ಮುಂದಿನ ತಿಂಗಳೇ ಪಾಕಿಸ್ತಾನ-ಅಫ್ಘಾನಿಸ್ತಾನ ಗಡೀಲಿ ಜೋರು ಕಾಳಗ ಆಯ್ತು, ಸೌದಿ ಸೈನ್ಯ ಬರ್ಲಿಲ್ಲ, ಎರಡೂ ಕಡೆಯವ್ರು ಸಮಾಧಾನ ತಗೊಳ್ಳಿ ಅಂತ ಹೇಳಿಕೆ ಬಂತು. ಮೇಲಿನ ಪ್ರಶ್ನೆಗಳನ್ನ ಹಾಕಿ ನೋಡಿದ್ರೆ ಇದು ಮೊದ್ಲೇ ಗೊತ್ತಾಗ್ತಿತ್ತು, ಆ ಗಡಿ, ಅಂದ್ರೆ ಡ್ಯುರಾಂಡ್ ಗೆರೆ ಹತ್ರ ಸೌದಿದು ಎಂತ ಇದೆ?

ಈಗ ಒಂದು ಕೇಸ್ ಮಾಡಿ ನೋಡಣ

ಗಯಾನಾ ತಗೊಳ್ಳಿ. 2023ರ ಡಿಸೆಂಬರ್ 3ಕ್ಕೆ ಪಕ್ಕದ ವೆನೆಜುವೆಲಾ ಜನಮತ ಮಾಡಿ ಎಸೆಕ್ವಿಬೊ ನಮ್ದು ಅಂತು, ಅದು ಗಯಾನಾದ ಮೂರನೇ ಎರಡು ಭಾಗ ನೆಲ. ವಿಧಿ ಇದ್ಯಾ? ‘ದಾಳಿ ಆದ್ರೆ ಬರ್ತೀವಿ’ ಅನ್ನೋ ಒಪ್ಪಂದ ಯಾವ ದೊಡ್ಡ ದೇಶದ ಜೊತೆಗೂ ಇಲ್ಲ. ಬೂಟು? ಪರ್ಮನೆಂಟ್ ವಿದೇಶಿ ಪಡೆ ಇಲ್ಲ. ಪೈಪು? ಇದೆ, ಅಕ್ಷರಶಃ ಇದೆ, 2015ರಲ್ಲಿ ಎಕ್ಸಾನ್ ಕಂಪನಿ ಅಲ್ಲಿನ ಸಮುದ್ರದಲ್ಲಿ ಭಾರೀ ಎಣ್ಣೆ ಕಂಡುಹಿಡೀತು. ದಾರಿ? ಗಡೀಲಿ ದಟ್ಟ ಕಾಡು, ಟ್ಯಾಂಕು ಹೋಗೋವಂಥ ರಸ್ತೆ ಬ್ರೆಜಿಲ್ ಮೇಲೆ ಹಾದು ಹೋಗ್ಬೇಕು, ಬ್ರೆಜಿಲ್ ತಕ್ಷಣ ಆ ಗಡಿಗೆ ಸೈನ್ಯ, ಕವಚದ ವಾಹನ ಕಳಿಸ್ತು. ಅಮೆರಿಕ ಗಯಾನಾ ಸೈನ್ಯದ ಜೊತೆ ವಿಮಾನ ಹಾರಿಸ್ತು, ಬ್ರಿಟನ್ ‘ಟ್ರೆಂಟ್’ ಅನ್ನೋ ಹಡಗು ಕಳಿಸ್ತು. ಒಪ್ಪಂದದ ಕಾಲಮ್ಮಲ್ಲಿ ಸೊನ್ನೆ, ಆದ್ರೂ ಒಟ್ಟು ಲೆಕ್ಕ ಅರ್ಮೇನಿಯಾಗಿಂತ ವಾಸಿ ಬರುತ್ತೆ.

ಮುಂದಿನದ್ದು ನೀವೇ ಮಾಡಿ, ಮೊಲ್ಡೋವಾ: 1994ರ ಸಂವಿಧಾನದಲ್ಲೇ ತಟಸ್ಥ ದೇಶ ಅಂತ ಬರ್ಕೊಂಡಿದೆ, ಟ್ರಾನ್ಸ್‌ನಿಸ್ಟ್ರಿಯಾ ಅನ್ನೋ ನೆಲದ ಪಟ್ಟಿಯಲ್ಲಿ ರಷ್ಯಾ ಸೈನಿಕರು ಕೂತಿದಾರೆ, ಒಂದು ಕಡೆ ಯುಕ್ರೇನ್, ಇನ್ನೊಂದು ಕಡೆ ನ್ಯಾಟೋ ಸದಸ್ಯ ರೊಮೇನಿಯಾ. ವಿಧಿ, ಮ್ಯಾಪು, ಪೈಪು, ಬೂಟು, ಕಚ್ಚಿನ ಅಳತೆ, ಖರ್ಚು, ಈ ಆರಕ್ಕೂ ಒಂದೊಂದು ಸಾಲು ಬರೀರಿ, ಆಮೇಲೆ ಟಿವಿ ಹಾಕಿ.